ಕಾಫಿಯಂಗಡಿಯ ಗುರು ಕುರ್ಟ್ ಲೆವಿನ್

ಸಂಶೋಧನೆಯೆಂದರೆ ಗಾಜಿನ ಬೀರು, ಹಿತ್ತಾಳೆಯ ಯಂತ್ರ, ದಪ್ಪ ಗ್ರಂಥಗಳಿರುವ ಕಡೆ ಮಾತ್ರ ನಡೆಯತಕ್ಕ ಕಾರ್ಯವೆಂಬ ಅಂಜಿಕೆ, ನನ್ನಂತೆ ಮನೆತನದಲ್ಲೇ ಮೊದಲ ಬಾರಿಗೆ ಬಿ.ಎ. ತರಗತಿಯನ್ನು ಕಂಡವರಲ್ಲಿ ಸಹಜ. ಕುರ್ಟ್ ಲೆವಿನ್ನನ ಬಾಳನ್ನು ಓದಿದರೆ ಅದು ಬಹುಮಟ್ಟಿಗೆ ಕಳೆಯುತ್ತದೆ.

ಆತನು 1890ರಲ್ಲಿ ಅಂದಿನ ಪ್ರಷ್ಯಕ್ಕೆ ಸೇರಿದ್ದ ಮೊಗಿಲ್ನೊ ಎಂಬ ಸಣ್ಣ ಊರಿನಲ್ಲಿ, ಯಹೂದಿ ಅಂಗಡಿಕಾರನೊಬ್ಬನ ಮಗನಾಗಿ ಹುಟ್ಟಿದನು. ಮೊದಲನೆಯ ಮಹಾಯುದ್ಧದಲ್ಲಿ ಗಾಯಗೊಂಡು ಮರಳಿ, ಬರ್ಲಿನ್ ವಿಶ್ವವಿದ್ಯಾನಿಲಯದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕನಾದನು.

ಆತನ ಪಾಠ ತರಗತಿಯಲ್ಲಿ ಮುಗಿಯುತ್ತಿರಲಿಲ್ಲ. ಎದುರಿನ ಕಾಫಿಯಂಗಡಿಯಲ್ಲಿ ಶಿಷ್ಯರೊಡನೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತಿತ್ತು. ಅಲ್ಲಿನ ಮಾಣಿ ಯಾರು ಏನು ತಿಂದರೆಂಬುದನ್ನು ಬರೆದಿಡದೆ ಲೆಕ್ಕ ಒಪ್ಪಿಸುತ್ತಿದ್ದನಂತೆ. ಹಣ ಸಂದಾಯವಾಗಿ ಅರ್ಧ ಗಂಟೆಯ ಮೇಲೆ ಕೇಳಿದರೆ ಒಂದೂ ನೆನಪಿರಲಿಲ್ಲವೆಂದು ಶಿಷ್ಯರು ಹೇಳಿದ್ದಾರೆ. ನಾವಾಗಿದ್ದರೆ ನಕ್ಕು ಎದ್ದುಬರುತ್ತಿದ್ದೆವು! ಮುಗಿಯದ ಕೆಲಸವು ಮನಸ್ಸಿನಲ್ಲಿ ಒಂದು ಬಿಗಿತವನ್ನು ಉಳಿಸುತ್ತದೆಯೆಂಬ ಊಹೆಗೆ ಲೆವಿನ್ನನು ಇದರಲ್ಲಿ ಸುಳಿವು ಕಂಡನು. ಆದರೆ ಒಬ್ಬ ಮಾಣಿಯ ನಡತೆ ಸಾಕ್ಷ್ಯವಾಗದಷ್ಟೆ. ಶಿಷ್ಯೆ ಬ್ಲೂಮಾ ಜೈಗಾರ್ನಿಕ್ ನೂರಕ್ಕೆ ಮೀರಿದ ಜನರಿಗೆ ಜೇಡಿಮಣ್ಣಿನ ಬೊಂಬೆ, ಒಗಟು ಮುಂತಾದ ಚಿಕ್ಕ ಕೆಲಸಗಳನ್ನು ಕೊಟ್ಟು, ಅರ್ಧದಷ್ಟನ್ನು ನಡುವೆಯೇ ತಡೆದು, ಕಡೆಗೆ ನೆನಪಿದ್ದುದನ್ನು ಹೇಳಿಸಿದಳು. ಕೆಲಸದ ಸೊಗಸೇ ನೆನಪಿಗೆ ಕಾರಣವೆಂಬ ಸಂಶಯ ಉಳಿಯಬಾರದಲ್ಲ! ಅದಕ್ಕಾಗಿ ಕೆಲವರಲ್ಲಿ ತಡೆದ ಕೆಲಸವನ್ನೇ ಬೇರೆಯವರಲ್ಲಿ ಮುಗಿಯಗೊಟ್ಟಳು. ಅರೆಗೆಲಸಗಳೇ ಸುಮಾರು ಇಮ್ಮಡಿಯಾಗಿ ನೆನಪಿನಲ್ಲಿ ನಿಂತಿದ್ದವೆಂದು 1927ರಲ್ಲಿ ಪ್ರಕಟಿಸಿದಳು. ಮುಂದೆ ಇತರರ ಪ್ರಯೋಗಗಳಲ್ಲಿ ಈ ಫಲ ಎಲ್ಲೆಡೆಯೂ ದೊರೆಯಲಿಲ್ಲ. ಹಾಗೆ ಮರುಪರೀಕ್ಷೆಗೆ ಒಡ್ಡಬಹುದಾದಂತೆ ಪ್ರಶ್ನೆಯನ್ನು ರೂಪಿಸಿದ್ದೇ ಹೆಚ್ಚಿನದೆಂದು ನನಗೆ ತೋರುತ್ತದೆ.

ಪುಟ್ಟ ಮಗುವೊಂದು ಕಲ್ಲಿನ ಮೇಲೆ ಕೂರಲು ಹೆಣಗುವುದನ್ನೂ ಆತನು ಚಲಚ್ಚಿತ್ರವಾಗಿ ತೆಗೆದನು. ಕೂರಬೇಕಾದರೆ ಬೇಕಾದ ಕಲ್ಲಿಗೇ ಬೆನ್ನು ತಿರುಗಿಸಬೇಕು. ಮಗುವಿಗೆ ಅದೇ ಕಷ್ಟ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಲೆವಿನ್ನನು ಅಮೆರಿಕೆಗೆ ಹೋದನು. ಯುದ್ಧಕಾಲದಲ್ಲಿ ಆತನ ತಾಯಿ ನಾಜಿಗಳಿಗೆ ಬಲಿಯಾದಳು. ಆಕೆಯನ್ನು ಉಳಿಸಿಕೊಳ್ಳುವ ಯತ್ನ ಫಲಿಸಲಿಲ್ಲ.

ಅದೇ ಯುದ್ಧದಲ್ಲಿ ಒಳ್ಳೆಯ ಮಾಂಸಕ್ಕೆ ಅಭಾವವಿದ್ದುದರಿಂದ, ಅಯೋವಾ ವಿಶ್ವವಿದ್ಯಾನಿಲಯದಲ್ಲಿದ್ದ ಆತನು ಗೃಹಿಣಿಯರು ಪ್ರಾಣಿಗಳ ಹೃದಯ, ಮೂತ್ರಪಿಂಡಗಳನ್ನು ಬೇಯಿಸುವಂತೆ ಮಾಡುವ ಬಗೆಯನ್ನು ಪರೀಕ್ಷಿಸಿದನು. ಉಪನ್ಯಾಸ ಕೇಳಿದವರಲ್ಲಿ ಶೇಕಡ 3 ಮಂದಿ ಬೇಯಿಸಿದರು. ತಾವೇ ಕೂಡಿ ಚರ್ಚಿಸಿ ನಿರ್ಧರಿಸಿದವರಲ್ಲಿ ಶೇಕಡ 32. ಅಧ್ಯಾಪಕವೃಂದ ಮನ್ನಿಸಬೇಕು, ಅಂಕಿಗಳು ನನ್ನವಲ್ಲ.

ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಗುಂಪುಗಳ ನಡತೆಯನ್ನು ಅಭ್ಯಸಿಸುವ ಕೇಂದ್ರವನ್ನು ಕಟ್ಟುತ್ತಿರುವಾಗಲೇ, 1947ರ ಫೆಬ್ರವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡನು. ಆಗ ವಯಸ್ಸು 56. ಮರುವರ್ಷ ಶಿಷ್ಯರು ಆ ಕೇಂದ್ರವನ್ನು ಮಿಚಿಗನ್ನಿಗೆ ಒಯ್ದು ಮುಂದುವರಿಸಿದರು.