ಡಾ. ಸುಬ್ಬರಾಯರು ಮತ್ತು ಕ್ಯಾನ್ಸರಿನ ಮದ್ದು

ಗೋವೆಯ ಸಾವರ್ಡೆಯಲ್ಲಿರುವ ನಮ್ಮ ಅಕ್ಕನನ್ನು ಕಾಣಲು ಕಳೆದ ರಜೆಯಲ್ಲಿ ಹೋಗಿದ್ದೆವು. ಅವಳಿಗೆ ಅಂಡಾಶಯದ ಕ್ಯಾನ್ಸರ್. ಅದೇ ಮದ್ದು ಪಡೆದ ಪಕ್ಕದ ಹಾಸಿಗೆಯ ಹೆಂಗಸು ಚೇತರಿಸಿಕೊಂಡರೂ ತನಗೆ ಅದು ನಾಟಲಿಲ್ಲ, ಪಥ್ಯ ತಪ್ಪಿದ್ದೇ ಕಾರಣವಿರಬೇಕೆಂದು ಅವಳ ಕೊರಗು. ಊರಿಗೆ ಮರಳಿ ಪುಸ್ತಕ ತಿರುವುತ್ತಿದ್ದಾಗ ನಮಗೆ ಎದುರಾದವರು ಡಾ. ಯಲ್ಲಾಪ್ರಗಡ ಸುಬ್ಬರಾಯರು.

1895ರ ಜನವರಿ 12ರಂದು ಭೀಮವರಂನಲ್ಲಿ ಅವರ ಜನನ. ಅಂದು ಅದೂ ನಮ್ಮ ಕಾಸರಗೋಡೂ ಒಂದೇ ಮದರಾಸು ಪ್ರಾಂತಕ್ಕೆ ಸೇರಿದ್ದವು. ಮೆಟ್ರಿಕ್ ಪಾಸಾದದ್ದು ಮೂರನೆಯ ಸಲಕ್ಕೆ. (ನಪಾಸಾದ ಮಕ್ಕಳನ್ನು ಗದರುವ ನಮ್ಮಂತಹ ಮೇಷ್ಟ್ರುಗಳು ಇದನ್ನು ಗಮನಿಸಬೇಕು.) ಮದರಾಸಿನ ವೈದ್ಯಕೀಯ ಕಾಲೇಜಿನಲ್ಲಿ ಖಾದಿ ತೊಟ್ಟದ್ದಕ್ಕಾಗಿ ಪೂರ್ಣ ಪದವಿ ತಪ್ಪಿ ಎಲ್.ಎಂ.ಎಸ್. ಮಾತ್ರ ದಕ್ಕಿತು. 1923ರಲ್ಲಿ ಅಮೆರಿಕಕ್ಕೆ ಹೋಗಿ, ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಚಾಕರಿ ಮಾಡುತ್ತ ಹಾರ್ವರ್ಡಿನಲ್ಲಿ ಕಲಿತರು. 1940ರಲ್ಲಿ ಲೆಡರ್ಲೆ ಔಷಧ ಕಂಪೆನಿ ಸೇರಿದರು. ನಮ್ಮ ಕರಾವಳಿಯವರು ಆನೆಕಾಲು ರೋಗಕ್ಕೆ ನುಂಗುವ ಡಿ.ಇ.ಸಿ. ಮಾತ್ರೆಯೂ ಅಲ್ಲಿನ ಅವರ ತಂಡದ್ದೇ.

ಜೀವಕೋಶ ಎರಡಾಗಲು ಸೊಪ್ಪುತರಕಾರಿಯಲ್ಲಿರುವ ಫೋಲಿಕ್ ಆಮ್ಲ ಬೇಕು. 1945ರಲ್ಲಿ ಆ ತಂಡ ಅದನ್ನು ಪ್ರಯೋಗಶಾಲೆಯಲ್ಲೇ ತಯಾರಿಸಿತು. ಬಳಿಕ ನೋಡಲು ಅದರಂತೆಯೇ ಇದ್ದು ಅದರ ಕೆಲಸಕ್ಕೆ ಅಡ್ಡ ಬರುವ ಅಮಿನಾಪ್ಟೆರಿನ್, ಮೆಥೊಟ್ರೆಕ್ಸೇಟ್ ಎಂಬ ಮದ್ದುಗಳು ಬಂದವು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಕೊಟ್ಟಾಗ ರಕ್ತದ ಕ್ಯಾನ್ಸರಿನ ಕೆಲವು ಮಕ್ಕಳಲ್ಲಿ ರೋಗ ತಗ್ಗಿತು. ಆದರೆ ಸ್ವಲ್ಪ ಕಾಲಕ್ಕೆ ಮರಳಿತು. ಈ ವರದಿ 1948ರ ಜೂನಿನಲ್ಲಿ ಪ್ರಕಟವಾಯಿತು; ಅದೇ ವರ್ಷದ ಆಗಸ್ಟಿನಲ್ಲಿ ಸುಬ್ಬರಾಯರು ನ್ಯೂಯಾರ್ಕಿನಲ್ಲಿ ತೀರಿಕೊಂಡರು. ವಯಸ್ಸು ಕೇವಲ 53.

ಮದ್ದು ಸೋಲುವ ಒಂದು ಗುಟ್ಟು ಬಯಲಾದದ್ದು 1978ರಲ್ಲಿ, ರಾಬರ್ಟ್ ಶಿಮ್ಕೆಯವರ ಪ್ರಯೋಗಶಾಲೆಯಲ್ಲಿ. ಮೆಥೊಟ್ರೆಕ್ಸೇಟ್ ಯಾವ ಕಿಣ್ವವನ್ನು ಕಟ್ಟಿಹಾಕುತ್ತದೋ, ಅದನ್ನು ತಯಾರಿಸುವ ಜೀನಿನ ಪ್ರತಿಗಳನ್ನೇ ಮದ್ದಿಗೆ ಬಗ್ಗದ ಕೋಶಗಳು ಹಲವು ಪಟ್ಟು ಹೆಚ್ಚಿಸಿಕೊಂಡಿದ್ದವು. ಕಿಣ್ವ ರಾಶಿ ಬಿದ್ದಾಗ ಮದ್ದು ಸಾಲದೆ ಹೋಗುತ್ತದೆ.

ಅಂಡಾಶಯದ ಕ್ಯಾನ್ಸರಿಗೆ ಇಂದು ಕೊಡುವ ಮುಖ್ಯ ಮದ್ದು ಬೇರೆ, ಪ್ಲಾಟಿನಂ ಲೋಹ ಸೇರಿದ್ದು. ಅದು ಕೋಶದ ಡಿ.ಎನ್.ಎ.ಗೆ ಪೆಟ್ಟು ಕೊಡುತ್ತದೆ. ಆ ಪೆಟ್ಟನ್ನು ರಿಪೇರಿ ಮಾಡುವ ಬಿ.ಆರ್.ಸಿ.ಎ. ಎಂಬ ಜೀನುಗಳು ಗಡ್ಡೆಯಲ್ಲಿ ಕೆಟ್ಟಿದ್ದರೆ ಮದ್ದು ಹೆಚ್ಚಾಗಿ ಚೆನ್ನಾಗಿ ನಾಟುತ್ತದೆ. ರಿಪೇರಿ ಸರಾಗವಾಗಿದ್ದರೆ ಗಡ್ಡೆ ತಪ್ಪಿಸಿಕೊಳ್ಳಬಹುದು. ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಷ್ಟನ್ನು ಅಕ್ಕನಿಗೆ ಪತ್ರ ಬರೆದು ತಿಳಿಸಿದ್ದೇವೆ. ಅವಳ ಗಡ್ಡೆಯ ತುಣುಕು ಜೀನಿನ ಪರೀಕ್ಷೆಗೆ ಹೋಗಿದೆ. ವರದಿ ಇನ್ನೂ ಬಂದಿಲ್ಲ.