ಶ್ರೀ ಮಧ್ವಾಚಾರ್ಯರೂ ದುಃಖದ ಪ್ರಶ್ನೆಯೂ

ಭಗವಂತನು ದಯಾಳುವೆಂದು ನಂಬಿ ನಾವು ದೇವಾಲಯದ ಮೆಟ್ಟಿಲೇರುತ್ತೇವೆ. ಆದರೂ ಸಜ್ಜನರಿಗೆ ದುರ್ಜನರ ಬಾಧೆ ತಪ್ಪಿಲ್ಲ, ಎಳೆಯ ಮಕ್ಕಳಿಗೂ ನೋವು ತಪ್ಪಿಲ್ಲ. ಇದೇಕೆಂಬ ಪ್ರಶ್ನೆಗೆ ಬಾಳಿನಿಂದಲೂ ಬರಹದಿಂದಲೂ ಉತ್ತರವಿತ್ತ ಮಹನೀಯರಲ್ಲಿ ಶ್ರೀ ಮಧ್ವಾಚಾರ್ಯರು ಒಬ್ಬರು.

ಅವರು 13ನೆಯ ಶತಮಾನದಲ್ಲಿ ಉಡುಪಿಯ ಸಮೀಪದ ಪಾಜಕದಲ್ಲಿ ಅವತರಿಸಿದರು. ಬಾಲ್ಯದ ನಾಮಧೇಯ ವಾಸುದೇವ. ಎಳವೆಯಲ್ಲಿಯೇ ಅಚ್ಯುತಪ್ರೇಕ್ಷರಿಂದ ಸಂನ್ಯಾಸವನ್ನು ಸ್ವೀಕರಿಸಿ, ಬದರಿಯವರೆಗೆ ಸಂಚರಿಸಿ, ಉಡುಪಿಯಲ್ಲಿ ಶ್ರೀಕೃಷ್ಣನನ್ನು ಪ್ರತಿಷ್ಠಾಪಿಸಿದರು.

ಕೀರ್ತಿಯೊಡನೆ ವಿರೋಧವೂ ಬೆಳೆಯಿತು. ವಾದದಲ್ಲಿ ಗೆಲ್ಲಲಾರದವರು ಅವರ ಗ್ರಂಥಭಂಡಾರವನ್ನೇ ಅಪಹರಿಸಿದರೆಂದು ಸುಮಧ್ವವಿಜಯವು ತಿಳಿಸುತ್ತದೆ. ಓಲೆಗರಿಯ ಕಾಲದಲ್ಲಿ ಅದು ಆಯುಷ್ಯದ ದುಡಿಮೆಯನ್ನೇ ಕದ್ದಂತೆ. ನಮ್ಮ ಮೀಂಜಕ್ಕೆ ತೆಂಕಲಾಗಿರುವ ಕುಂಬಳೆ ಸೀಮೆಯ ಅರಸನಾದ ಜಯಸಿಂಹನ ಮೂಲಕ ಆ ಗ್ರಂಥಗಳು ಮರಳಿ ದೊರೆತವು. ಆ ಪ್ರಸಂಗದಲ್ಲಿ ಆಚಾರ್ಯರು ಈ ಸೀಮೆಗೆ ಬಂದಾಗ ತ್ರಿವಿಕ್ರಮ ಪಂಡಿತಾಚಾರ್ಯರು ಅವರೊಡನೆ ದಿನಗಟ್ಟಲೆ ವಾದಿಸಿ, ಕೊನೆಗೆ ಶಿಷ್ಯರಾದರು. ಈ ಶಿಷ್ಯರ ಪ್ರಾರ್ಥನೆಯಂತೆ ಅನುವ್ಯಾಖ್ಯಾನವೆಂಬ ಮಹಾಗ್ರಂಥವು ರಚಿತವಾಯಿತು. ಇವರ ಪುತ್ರ ನಾರಾಯಣ ಪಂಡಿತಾಚಾರ್ಯರೇ ಸುಮಧ್ವವಿಜಯದ ಕರ್ತೃಗಳು. ಇಷ್ಟಾದ ಮಾತ್ರಕ್ಕೆ ಕಳವು ಪುಣ್ಯಕಾರ್ಯವಾಗಲಿಲ್ಲ. ಆದರೆ ಕೆಡುಕು ಎಣಿಸಿದ್ದು ನಡೆಯಲಿಲ್ಲ.

ಆಚಾರ್ಯರ ಮತದಲ್ಲಿ ಜಗತ್ತು ಸತ್ಯ. ಆದುದರಿಂದ ದುಃಖವೂ ಸತ್ಯ. ನೊಂದವನ ನೋವು ಬರಿಯ ಭ್ರಮೆಯಲ್ಲ. ಹಾಗಾದರೆ ಅದು ದೇವರ ಕ್ರೌರ್ಯವೇ? ಅಲ್ಲ. ಜೀವರೂ ಅವರ ಸ್ವಭಾವವೂ ಅನಾದಿ. ಭಗವಂತನು ಅದನ್ನು ಹೊಸದಾಗಿ ಹುಟ್ಟಿಸುವುದಿಲ್ಲ. ಜೀವನ ಯೋಗ್ಯತೆ, ಅನಾದಿಕರ್ಮ, ಪ್ರಯತ್ನ ಈ ಮೂರನ್ನು ಅನುಸರಿಸಿ ಫಲವೀಯುತ್ತಾನೆ. ಒಂದೇ ಮಳೆ ಸುರಿದರೂ ಮಾವಿನಲ್ಲಿ ಸಿಹಿ, ಕಾಸರಕದಲ್ಲಿ ಕಹಿ. ಅದು ಮಳೆಯ ದೋಷವಲ್ಲ.

ಹಾಗೆಂದು ಪರರ ಕಷ್ಟವನ್ನು ಅವರ ಕರ್ಮವೆಂದು ಕೈಕಟ್ಟಿ ಕುಳಿತುಕೊಳ್ಳಲು ಇದು ನೆಪವಾಗಬಾರದು. ಪ್ರಜೆಯು ಅರಸನಿಗೆ ಕರವನ್ನು ತೆರುವಂತೆ, ಜನರ ಶುಶ್ರೂಷೆಯು ಭಗವಂತನಿಗೆ ನಾವು ಸಲ್ಲಿಸಬೇಕಾದ ಕರವೆಂಬುದು ಗೀತೆಯನ್ನು ವಿವರಿಸುವಲ್ಲಿ ಆಚಾರ್ಯರು ತಿಳಿಸಿದ ತಾತ್ಪರ್ಯ. ಗ್ರಾಮದ ಲೆಕ್ಕ ಬರೆಯುವ ನನಗೆ ಇದು ಚೆನ್ನಾಗಿ ಮನವರಿಕೆಯಾಗಿದೆ. ನೆರೆಯವನ ಬಾಕಿ ಎಷ್ಟೆಂದು ಎಣಿಸುತ್ತ ಕುಳಿತರೆ ನಮ್ಮ ತೀರ್ವೆ ಸಂದಾಯವಾಗದು. ಅವನ ಕರ್ಮದ ಲೆಕ್ಕ ದೇವರಲ್ಲಿದೆ; ನಮ್ಮ ಕೈಯಲ್ಲಿರುವುದು ನಮ್ಮ ಕರ್ತವ್ಯ ಮಾತ್ರ.

ದೇಗುಲವು ಜೀರ್ಣೋದ್ಧಾರಗೊಳ್ಳುತ್ತಿರುವ ಈ ಶುಭಾವಸರದಲ್ಲಿ, ನೊಂದವರ ಮನೆಬಾಗಿಲಿಗೂ ಹೋಗುವ ಸದ್ಬುದ್ಧಿಯನ್ನು ಶ್ರೀ ದೇವರು ನಮ್ಮೆಲ್ಲರಿಗೂ ಕರುಣಿಸಲಿ.