ಪರದೇಶದ ಬಿಡಾರ, ಸ್ವದೇಶದ ಬಾಗಿಲು

ವಿದ್ಯಾರ್ಜನೆಗಾಗಿ ಪರದೇಶಕ್ಕೆ ತೆರಳುವ ತರುಣನಿಗೆ ಮೊದಲು ಎದುರಾಗುವುದು ಗ್ರಂಥವೂ ಅಲ್ಲ, ಗುರುವೂ ಅಲ್ಲ. ರಾತ್ರಿ ತಲೆಯಿಡಲು ಒಂದು ಕೋಣೆ ಎಲ್ಲಿ ದೊರೆತೀತೆಂಬ ಚಿಂತೆ. ಬಾಡಿಗೆ ಎಷ್ಟು, ಊಟ ಎಂಥದು, ಮನೆಯೊಡತಿ ಎಂಥವಳು, ಪುಸ್ತಕಾಲಯಕ್ಕೆ ನಡೆದು ಹೋಗಬಹುದೇ ಎಂಬ ಲೆಕ್ಕ ಮುಗಿದ ಮೇಲೆಯೇ ವ್ಯಾಸಂಗದ ಮಾತು. ಇದನ್ನು ಕ್ಷುಲ್ಲಕ ವಿಷಯವೆಂದೆಣಿಸುವವರು ಡಾ. ಭೀಮರಾವ್ ಅಂಬೇಡಕರರ ವಿದ್ಯಾರ್ಥಿದೆಸೆಯನ್ನು ಒಮ್ಮೆ ಅವಲೋಕಿಸಬೇಕೆಂದು ನಾವು ವಿನಂತಿಸುತ್ತೇವೆ. ಸಂವಿಧಾನ ರಚನೆಯಲ್ಲಿ ಅವರು ವಹಿಸಿದ ಭಾರವನ್ನು ಬಲ್ಲವರು ಬಹು ಮಂದಿ. ಅವರಿಗೆ ಎಲ್ಲಿ ಬಿಡಾರ ದೊರೆಯಿತು, ಎಲ್ಲಿ ದೊರೆಯಲಿಲ್ಲ ಎಂಬುದನ್ನು ಮನಸ್ಸಿಗೆ ತಂದುಕೊಂಡವರು ವಿರಳ.

1891ನೆಯ ಏಪ್ರಿಲ್ 14ರಂದು ಮಹೂ ದಂಡುಪ್ರದೇಶದಲ್ಲಿ ಜನಿಸಿದ ಅಂಬೇಡಕರರು ಸೈನ್ಯದ ಸುಬೇದಾರರೊಬ್ಬರ ಕಿರಿಯ ಮಗ. ಮುಂಬಯಿಗೆ ಬಂದ ಮೇಲೆ ಆ ಕುಟುಂಬಕ್ಕೆ ಚಾಳಿನ ಒಂದೇ ಕೋಣೆ ಆಸರೆಯಾಗಿತ್ತು. ಅಡುಗೆ, ಉರುವಲು, ಮಲಗುವ ಸ್ಥಳ ಎಲ್ಲವೂ ಅದರೊಳಗೇ. ಮಗನು ಮಲಗಿದಾಗ ತಂದೆಯು ಎಚ್ಚತ್ತಿದ್ದು, ಅಪರಾತ್ರಿ ಎರಡು ಗಂಟೆಗೆ ಅವನನ್ನು ಓದಲೆಬ್ಬಿಸಿ, ಅದೇ ಜಾಗದಲ್ಲಿ ತಾನು ಒರಗುತ್ತಿದ್ದರೆಂದು ಅವರ ಚರಿತ್ರಕಾರರು ಬರೆದಿರುವರು.

ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಈ ತರುಣನನ್ನು ಅಮೇರಿಕೆಗೆ ಕಳುಹಿದರು. ಮೂರು ವರ್ಷಗಳ ವರೆಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವೇತನ. ಪ್ರತಿಯಾಗಿ ವ್ಯಾಸಂಗಾನಂತರ ಹತ್ತು ವರ್ಷ ಸಂಸ್ಥಾನದ ಸೇವೆ ಎಂದು ಕರಾರಾಯಿತು. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಹಾರ್ಟ್ಲಿ ಹಾಲಿನಲ್ಲಿ ಅವರು ಮೊದಲು ಇಳಿದುಕೊಂಡರು. ಅಲ್ಲಿಯ ಊಟ ಒಗ್ಗಲಿಲ್ಲ. ಕೆಲವು ಹಿಂದೀ ವಿದ್ಯಾರ್ಥಿಗಳಿದ್ದ ಕಾಸ್ಮೊಪಾಲಿಟನ್ ಕ್ಲಬ್ಬಿಗೆ ಹೋದರು. ಕಡೆಗೆ ಲಿವಿಂಗ್‌ಸ್ಟನ್ ಹಾಲಿನಲ್ಲಿ ನವಲ್ ಭಾಥೇನಾ ಎಂಬ ಪಾರ್ಸಿ ಮಿತ್ರನೊಡನೆ ನೆಲೆ ನಿಂತರು. ಆ ಸ್ನೇಹವು ಜೀವಮಾನದ ಸ್ನೇಹವಾಯಿತು. ಬಾಡಿಗೆ, ಊಟ, ಪುಸ್ತಕಗಳ ವೆಚ್ಚವಲ್ಲದೆ ಮನೆಗೂ ಹಣ ಕಳುಹಬೇಕಾದ ಆ ವೇತನದಲ್ಲಿ ಅವರು 1915ರಲ್ಲಿ ಎಂ.ಎ. ಪದವಿ ಪಡೆದು, 1916ರಲ್ಲಿ ಲಂಡನ್ನಿಗೆ ಹೋದರು.

ಅಮೇರಿಕೆಯು ಸಮಾನತೆಯ ಸ್ವರ್ಗವಾಗಿತ್ತೆಂದು ನಾವು ಹೇಳುವುದಿಲ್ಲ. ಅದೇ ನ್ಯೂಯಾರ್ಕಿನಲ್ಲಿ ಕರಿಯ ಜನರಿಗೆ ಕೆಲವು ಕೇರಿಗಳಲ್ಲಿ ಮಾತ್ರ ಮನೆ ದೊರೆಯುತ್ತಿದ್ದವು. ಲಂಡನ್ನಿನಲ್ಲಿಯೂ ಮೈಬಣ್ಣ ನೋಡಿ ಕೋಣೆ ಇಲ್ಲವೆಂದ ಮನೆಯೊಡತಿಯರಿದ್ದರು. ತತ್ರಾಪಿ, ಅಂಬೇಡಕರರಿಗೆ ಆ ದೇಶಗಳಲ್ಲಿ ಒಂದು ಮೇಜು, ಒಂದು ದೀಪ, ಮುಚ್ಚಿಕೊಳ್ಳಲು ತಮ್ಮದೇ ಆದ ಒಂದು ಬಾಗಿಲು ದೊರೆತವು. ಇಷ್ಟು ಸ್ವದೇಶದಲ್ಲಿ ದೊರೆಯಲಿಲ್ಲ.

ವೇತನದ ಅವಧಿ ತೀರಿದ್ದರಿಂದ 1917ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಮರಳಿದ ಅವರು ಕರಾರಿಗನುಸಾರ ಬಡೋದೆಗೆ ಹೋದರು. ಹಿಂದೂ ವಸತಿಗೃಹಗಳಲ್ಲಿ ಅವರಿಗೆ ಪ್ರವೇಶವಿರಲಿಲ್ಲ. ಪಾರ್ಸಿಗಳ ಒಂದು ಧರ್ಮಶಾಲೆಯಲ್ಲಿ ಪಾರ್ಸಿ ಹೆಸರನ್ನು ಬರೆಯಿಸಿ, ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಇರಬೇಕಾಯಿತು. ಹರಕುಮುರುಕು ಸಾಮಾನು ತುಂಬಿದ ಮೇಲ್ಮಾಳಿಗೆ, ಮಾತಿಗೆ ಜನವಿಲ್ಲ, ಬೆಳಕಿಗೆ ಒಂದು ಲಾಂದ್ರ, ಸುತ್ತ ಹಾರಾಡುವ ಬಾವಲಿಗಳು. ಹಗಲು ಕಚೇರಿಯಲ್ಲಿ ಜವಾನರು ಮುಟ್ಟಿನ ಭಯದಿಂದ ಕಾಗದಪತ್ರಗಳನ್ನು ದೂರದಿಂದಲೇ ಎಸೆಯುತ್ತಿದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಕೋಲು ಹಿಡಿದು ಬಂದು, ಸಂಜೆಯೊಳಗೆ ಜಾಗ ಬಿಡತಕ್ಕದ್ದೆಂದು ಗದರಿಸಿದರು. ಒಂದು ವಾರದ ಅವಧಿ ಬೇಡಿದರೂ ಕೊಡಲಿಲ್ಲ. ಸರಕಾರಿ ಬಂಗಲೆಗಾಗಿ ಮಾಡಿಕೊಂಡ ವಿಜ್ಞಾಪನೆ ಇತ್ಯರ್ಥವಾಗಿರಲಿಲ್ಲ. ಹಿಂದೂ ಮಿತ್ರನೊಬ್ಬನು ತನ್ನ ಮನೆಯ ಆಳುಗಳು ಬಿಟ್ಟುಹೋದಾರೆಂದನು. ಕ್ರೈಸ್ತ ಮಿತ್ರನೊಬ್ಬನು ಹೆಂಡತಿಯನ್ನು ಕೇಳಬೇಕೆಂದನು. ಎರಡು ಖಂಡಗಳಲ್ಲಿ ಅರ್ಥಶಾಸ್ತ್ರವನ್ನು ವ್ಯಾಸಂಗ ಮಾಡಿ ಬಂದ ಸಂಸ್ಥಾನದ ಅಧಿಕಾರಿಯು ಕಮಾಠಿ ಬಾಗಿನ ಸಾರ್ವಜನಿಕ ಉದ್ಯಾನದಲ್ಲಿ ಕಣ್ಣೀರಿನೊಡನೆ ಹೊತ್ತು ಕಳೆದು, ರಾತ್ರಿಯ ಗಾಡಿಯಿಂದ ಮುಂಬಯಿಗೆ ಹೊರಟನು. ತನ್ನ ಹಣದಿಂದಲೇ ಓದಿಸಿದ ವಿದ್ವಾಂಸನನ್ನು ಒಂದು ಕೋಣೆಯಿಲ್ಲದ ಕಾರಣ ಆ ಸಂಸ್ಥಾನವು ಕಳೆದುಕೊಂಡಿತು. ಮಹಾರಾಜರ ಔದಾರ್ಯದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ಪ್ರಜೆಗಳ ಹೊಸ್ತಿಲಲ್ಲಿ. ಈ ಕಳಂಕವು ಬಡೋದೆಯೊಂದರದೇ ಎಂದು ಯಾರೂ ಸಮಾಧಾನಪಟ್ಟುಕೊಳ್ಳದಿರಲಿ.

ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಕೂಡಿಟ್ಟ ಹಣ, ಕೊಲ್ಲಾಪುರದ ಶಾಹೂ ಮಹಾರಾಜರ ನೆರವು, ಭಾಥೇನಾರಿಂದ ಪಡೆದ ಐದು ಸಾವಿರ ರೂಪಾಯಿ ಸಾಲ, ಇವುಗಳ ಬಲದಿಂದ ಅಂಬೇಡಕರರು 1920ರಲ್ಲಿ ಪುನಃ ಲಂಡನ್ನಿಗೆ ಹೋದರು. ಅಲ್ಲಿಯ ಬಿಡಾರದ ಒಡತಿ ಕೈಬಿಗಿಯ, ಸಿಡುಕಿನ ಹೆಂಗಸು. ಬೆಳಿಗ್ಗೆ ರೊಟ್ಟಿಯ ಒಂದು ಹೋಳು, ಮೀನಿನ ಒಂದು ತುಂಡು, ಒಂದು ಬಟ್ಟಲು ಚಹ. ಅಷ್ಟನ್ನುಂಡು ಬ್ರಿಟಿಷ್ ಮ್ಯೂಜಿಯಮ್ಮಿನ ಗ್ರಂಥಾಲಯಕ್ಕೆ ಹೋದರೆ ಸಂಜೆ ಬಾಗಿಲು ಮುಚ್ಚುವ ವರೆಗೆ ಏಳುತ್ತಿರಲಿಲ್ಲ. ರಾತ್ರಿ ಹತ್ತರ ಹಸಿವಿಗೆ ಪರಿಚಿತರು ಕೊಟ್ಟ ಹಪ್ಪಳವೇ ಆಹಾರ. ಆದರೆ ಆ ಒಡತಿಯು ಬಾಡಿಗೆ ಕೇಳಿದಳು, ಕುಲ ಕೇಳಲಿಲ್ಲ. ಅವಳ ಜಿಪುಣತನವು ಹೊಟ್ಟೆಯನ್ನು ಬಾಧಿಸಿತೇ ಹೊರತು ಮಾನವನ್ನಲ್ಲ. 1921ರಲ್ಲಿ ಎಂ.ಎಸ್‌ಸಿ., 1923ರಲ್ಲಿ ಡಿ.ಎಸ್‌ಸಿ. ಪದವಿಗಳು ಬಂದವು, ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಗ್ರಂಥವು ಈ ವ್ಯಾಸಂಗದ ಫಲ.

ಸ್ವದೇಶಕ್ಕೆ ಮರಳಿದ ಮೇಲೆ ಅವರು ಕೈಗೊಂಡ ಮೊದಲ ಕಾರ್ಯಗಳನ್ನು ವಾಚಕರು ಗಮನಿಸಬೇಕು. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಮರುವರ್ಷವೇ ಆ ಸಭೆಯು ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯವನ್ನು ತೆರೆಯಿತು. 1928ರಲ್ಲಿ ಸ್ಥಾಪಿಸಿದ ಶಿಕ್ಷಣ ಸಂಸ್ಥೆಯ ಆಶ್ರಯದಲ್ಲಿ ನಡೆದ ವಿದ್ಯಾರ್ಥಿ ನಿಲಯಗಳಲ್ಲಿ ನಮ್ಮ ಧಾರವಾಡದ್ದೂ ಒಂದು. ಶಾಲೆಯ ಬಾಗಿಲು ತೆರೆದರೆ ಸಾಲದು, ಶಾಲೆಯ ಊರಿನಲ್ಲಿ ಮಲಗಲು ಚಾಪೆಯಗಲ ಜಾಗವೂ ಬೇಕೆಂಬುದನ್ನು ಅನುಭವದಿಂದ ಅರಿತವರ ಕಾರ್ಯವಿದು. ಮುಂದೆ ದಾದರದಲ್ಲಿ ರಾಜಗೃಹವೆಂಬ ಸ್ವಂತ ಮನೆಯನ್ನು ಕಟ್ಟಿಸಿದಾಗ ಅದರಲ್ಲಿ ಹೆಚ್ಚಿನ ಸ್ಥಳವನ್ನು ಗ್ರಂಥಗಳಿಗೇ ಮೀಸಲಿಟ್ಟರು.

ಅಂಬೇಡಕರರು 1956ರಲ್ಲಿ ದಿವಂಗತರಾದರು. ಅವರು 1921-22ರಲ್ಲಿ ವಾಸವಾಗಿದ್ದ ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೆಯ ಮನೆಯನ್ನು ಮಹಾರಾಷ್ಟ್ರ ಸರಕಾರವು 2015ರಲ್ಲಿ ಕೊಂಡು ಸ್ಮಾರಕವನ್ನಾಗಿ ಮಾಡಿತು. ಅದು ಯೋಗ್ಯವಾದ ಕಾರ್ಯವೇ ಸರಿ. ಆದರೆ ಪರದೇಶದಲ್ಲಿ ಮನೆಯನ್ನು ಕೊಂಡ ಮಾತ್ರಕ್ಕೆ ಸ್ವದೇಶದ ಋಣವು ತೀರುವುದಿಲ್ಲ. ಅಸ್ಪೃಶ್ಯತೆಯ ನೆಪದಿಂದ ಯಾರಿಗಾದರೂ ವಸತಿಯನ್ನು ತಡೆಯುವುದು 1955ರ ಕಾಯಿದೆಯ ಮೇರೆಗೆ ಅಪರಾಧ. ಹೀಗಿದ್ದೂ ನಮ್ಮ ನಗರಗಳಲ್ಲಿ ಕೋಣೆ ಕೇಳಿಕೊಂಡು ಬಂದ ವಿದ್ಯಾರ್ಥಿಯ ಅಡ್ಡಹೆಸರನ್ನೂ ಅಡುಗೆಯನ್ನೂ ವಿಚಾರಿಸಿ, ಕೋಣೆ ನಿನ್ನೆಯೇ ಹೋಯಿತೆನ್ನುವ ವಾಡಿಕೆ ಅಳಿದಿಲ್ಲ. ಆ ಸುಳ್ಳಿಗೆ ಸಾಕ್ಷಿಯಿಲ್ಲ. ಕಾಯಿದೆಯ ಕೈ ಅಲ್ಲಿಗೆ ನಿಲುಕುವುದೂ ಕಷ್ಟ. ಅಲ್ಲಿ ನಿಲುಕತಕ್ಕದ್ದು ಮನೆಯೊಡೆಯನ ಮನಸ್ಸಾಕ್ಷಿಯೊಂದೇ. ಬಾಡಿಗೆಗೆ ಕೊಡಲು ಒಂದು ಕೋಣೆಯುಳ್ಳ ಪ್ರತಿಯೊಬ್ಬನೂ, ಕಮಾಠಿ ಬಾಗಿನಲ್ಲಿ ಆ ಸಂಜೆ ಕುಳಿತಿದ್ದ ತರುಣನು ತನ್ನ ಬಾಗಿಲಿಗೆ ಬಂದಿದ್ದರೆ ತಾನೇನು ಉತ್ತರ ಹೇಳುತ್ತಿದ್ದೆನೆಂದು ತನ್ನನ್ನು ತಾನೇ ಕೇಳಿಕೊಳ್ಳಲಿ ಎಂಬುದೇ ನಮ್ಮ ಬಿನ್ನಹ.